ನಿಕೋಲಸ್ ರೋರಿಕ್

ನಿಕೋಲಸ್ ರೋರಿಕ್ (9 ಅಕ್ಟೋಬರ್ 1874 – 13 ಡಿಸೆಂಬರ್ 1947) ರಷ್ಯಾ ಮೂಲದ ಚಿತ್ರಕಾರರು, ರಂಗವಿನ್ಯಾಸಕಾರರು, ಲೇಖಕರು ಮತ್ತು ಪ್ರವಾಸಿ. ರಷ್ಯನ್ ಭಾಷೆಯಲ್ಲಿ ಅವರ ಹೆಸರು ನಿಕೊಲಾಯ್ ಕಾನ್‌ಸ್ಟಾಂಟಿನೋವಿಚ್ ರೇರಿಖ್. ಕರ್ನಾಟಕದಲ್ಲಿ ಈ ಕುಟುಂಬದ ಹೆಸರನ್ನು ರೋರಿಚ್ ಎಂದೂ ಬರೆಯುವುದುಂಟು. ಅವರು ತಮ್ಮ ಜೀವಮಾನದಲ್ಲಿ ಸುಮಾರು 7,000 ಚಿತ್ರಗಳನ್ನು ರಚಿಸಿದರೆಂದು ಅಂದಾಜಿಸಲಾಗಿದ್ದು, ಅವುಗಳಲ್ಲಿ ಹಿಮಾಲಯವನ್ನು ಕುರಿತವು ಹೆಚ್ಚು ಪ್ರಸಿದ್ಧವಾಗಿವೆ. ಭೂದೃಶ್ಯ ಚಿತ್ರಕಲೆಯಲ್ಲಿ ಪರ್ವತವನ್ನು ಹಿನ್ನೆಲೆಯ ಸ್ಥಾನದಿಂದ ಮುಖ್ಯ ಪಾತ್ರದ ಸ್ಥಾನಕ್ಕೆ ತಂದು, ಅದನ್ನು ಜ್ಞಾನ, ತಪಸ್ಸು ಮತ್ತು ಆರೋಹಣಗಳ ಸಂಕೇತವಾಗಿ ನಿರಂತರವಾಗಿ ಚಿತ್ರಿಸಿದ ಇಪ್ಪತ್ತನೆಯ ಶತಮಾನದ ಕಲಾವಿದರಲ್ಲಿ ರೋರಿಕ್ ಪ್ರಮುಖರು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸ್ಮಾರಕಗಳನ್ನು ರಕ್ಷಿಸುವ ಉದ್ದೇಶದ ರೋರಿಕ್ ಒಪ್ಪಂದ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬದುಕಿನ ಕೊನೆಯ ಎರಡು ದಶಕಗಳ ಬಹುಭಾಗವನ್ನು ಅವರು ಇಂದಿನ ಹಿಮಾಚಲ ಪ್ರದೇಶದ ಕುಲು ಕಣಿವೆಯಲ್ಲಿ ಕಳೆದರು.

## ಬಾಲ್ಯ ಮತ್ತು ಶಿಕ್ಷಣ

ರೋರಿಕ್ ಹುಟ್ಟಿದ್ದು ರಷ್ಯಾದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಕಾನ್‌ಸ್ಟಾಂಟಿನ್ ರೋರಿಕ್ ನಗರದ ಪ್ರತಿಷ್ಠಿತ ನೋಟರಿಯಾಗಿದ್ದರು. ತಾಯಿ ಮರಿಯಾ ಪ್ಸ್ಕೋವ್ ಪ್ರಾಂತದವರು. ನಗರದಿಂದ ದೂರವಿದ್ದ ಇಜ್ವಾರಾ ಎಂಬ ಗ್ರಾಮೀಣ ಎಸ್ಟೇಟಿನಲ್ಲಿ ಬಾಲಕನ ರಜೆಯ ದಿನಗಳು ಕಳೆದವು. ಆ ಸುತ್ತಿನ ಪ್ರಾಚೀನ ಸಮಾಧಿದಿಬ್ಬಗಳ ಉತ್ಖನನವನ್ನು ಕಂಡು ಅವರಲ್ಲಿ ಪುರಾತತ್ತ್ವದ ಆಸಕ್ತಿ ಮೂಡಿತು. ಇಜ್ವಾರಾದ ಮನೆಯಲ್ಲಿ ಹಿಮಾಚ್ಛಾದಿತ ಪರ್ವತದ ಒಂದು ಹಳೆಯ ಚಿತ್ರವಿತ್ತು. ಅದು ಕಾಂಚನಜುಂಗಾ ಶಿಖರವೆಂದು ತಮಗೆ ಬಹುಕಾಲದ ನಂತರ ತಿಳಿಯಿತೆಂದು ರೋರಿಕ್ ಮುಂದೆ ಬರೆದುಕೊಂಡಿದ್ದಾರೆ.

ಮಗ ವಕೀಲನಾಗಬೇಕೆಂಬುದು ತಂದೆಯ ಇಚ್ಛೆ. ಚಿತ್ರಕಾರನಾಗಬೇಕೆಂಬುದು ಮಗನ ಇಚ್ಛೆ. 1893ರಲ್ಲಿ ಅವರು ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೂ ಇಂಪೀರಿಯಲ್ ಕಲಾ ಅಕಾಡೆಮಿಗೂ ಏಕಕಾಲದಲ್ಲಿ ಸೇರಿ ಎರಡನ್ನೂ ಪೂರೈಸಿದರು. ಅವರ ಕಾನೂನು ಪ್ರಬಂಧದ ವಿಷಯ ಪ್ರಾಚೀನ ರಷ್ಯಾದಲ್ಲಿ ಕಲಾವಿದರಿಗಿದ್ದ ಕಾನೂನಾತ್ಮಕ ಸ್ಥಾನಮಾನವಾಗಿತ್ತು. ಮುಂದೆ ಕಲಾ ಸಂಪತ್ತಿನ ರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವೊಂದನ್ನು ರೂಪಿಸುವಾಗ ಈ ಎರಡು ವಿದ್ಯೆಗಳೂ ಅವರಿಗೆ ಉಪಯೋಗಕ್ಕೆ ಬಂದವು.

ಅಕಾಡೆಮಿಯಲ್ಲಿ ಅವರ ಗುರು ಆರ್ಖಿಪ್ ಕುಯಿಂಜಿ. ಬೆಳದಿಂಗಳು ಮತ್ತು ಸಂಜೆಗೆಂಪಿನ ಪರಿಣಾಮಗಳನ್ನು ಚಿತ್ರಿಸುವುದರಲ್ಲಿ ಕುಯಿಂಜಿ ಅಸಾಧಾರಣ ನೈಪುಣ್ಯ ಪಡೆದಿದ್ದರು; ಕಾಕಸಸ್ ಶ್ರೇಣಿಯ ಎಲ್‌ಬ್ರುಸ್ ಶಿಖರವನ್ನೂ ಚಿತ್ರಿಸಿದ್ದರು. ವಿವರಗಳನ್ನು ಕಡಿಮೆ ಮಾಡಿ, ಬಣ್ಣದ ದೊಡ್ಡ ಹರವುಗಳಿಂದ ದೃಶ್ಯವನ್ನು ಕಟ್ಟುವ ಕ್ರಮವನ್ನು ರೋರಿಕ್ ಅವರಿಂದ ಕಲಿತರು. 1897ರಲ್ಲಿ ಅವರು ಪದವಿಗಾಗಿ ರಚಿಸಿದ ‘ದೂತ’ ಎಂಬ ಚಿತ್ರವನ್ನು ಪ್ರಸಿದ್ಧ ಸಂಗ್ರಾಹಕ ಪಾವೆಲ್ ತ್ರೆತ್ಯಾಕೋವ್ ಕೊಂಡುಕೊಂಡರು. ಪ್ಯಾರಿಸ್ಸಿನಲ್ಲಿ ಫೆರ್ನಾಂ ಕೊರ್ಮೋನ್ ಅವರ ಬಳಿ ಕೆಲಕಾಲ ಅಭ್ಯಾಸ ಮಾಡಿ ಮರಳಿದ ರೋರಿಕ್ 1901ರಲ್ಲಿ ಹೆಲೆನಾ ಶಪೋಶ್ನಿಕೋವಾ ಅವರನ್ನು ವಿವಾಹವಾದರು. ಈ ದಂಪತಿಗೆ 1902ರಲ್ಲಿ ಜಾರ್ಜ್, 1904ರಲ್ಲಿ ಸ್ವೆತೋಸ್ಲಾವ್ ಎಂಬ ಇಬ್ಬರು ಗಂಡುಮಕ್ಕಳು ಜನಿಸಿದರು.

## ರಷ್ಯಾದ ವರ್ಷಗಳು

1903 ಮತ್ತು 1904ರಲ್ಲಿ ರೋರಿಕ್ ದಂಪತಿ ರಷ್ಯಾದ ಸುಮಾರು 40 ಪ್ರಾಚೀನ ನಗರಗಳನ್ನು ಸುತ್ತಿದರು. ಕೋಟೆಗಳು, ಚರ್ಚುಗಳು ಮತ್ತು ಮಠಗಳನ್ನು ಕುರಿತು ರೋರಿಕ್ ಅನೇಕ ಚಿತ್ರಗಳನ್ನು ರಚಿಸಿದರು. ಅವುಗಳಲ್ಲಿ ಹಲವು ಕಟ್ಟಡಗಳು ಆಗಲೇ ಶಿಥಿಲವಾಗಿದ್ದವು. ಇವುಗಳನ್ನು ಉಳಿಸಬೇಕೆಂಬ ಅವರ ಹಂಬಲ ಈ ಪ್ರವಾಸದಲ್ಲಿಯೇ ಗಟ್ಟಿಯಾಯಿತು.

ಇದೇ ಕಾಲದಲ್ಲಿ ಅವರು ರಷ್ಯಾದ ಪ್ರಾಚೀನ ಧಾರ್ಮಿಕ ಫಲಕಚಿತ್ರಗಳಾದ ಐಕಾನ್‌ಗಳನ್ನು ಆಳವಾಗಿ ಅಭ್ಯಸಿಸಿದರು. ಅಂದಿನ ಅನೇಕ ವಿದ್ವಾಂಸರು ಐಕಾನ್‌ಗಳನ್ನು ಕೇವಲ ಪೂಜಾವಸ್ತುಗಳೆಂದು ಬಗೆದಿದ್ದರೆ, ರೋರಿಕ್ ಅವುಗಳ ಕಲಾಮೌಲ್ಯವನ್ನು ಎತ್ತಿಹಿಡಿದರು. ಐಕಾನ್‌ಗಳಲ್ಲಿ ಬೆಟ್ಟಗಳಿಗೆ ನೈಜ ರೂಪವಿರುವುದಿಲ್ಲ. ಅವು ಮೆಟ್ಟಿಲುಗಳಂತೆ ಒಂದರ ಮೇಲೊಂದು ಏರುವ ಬಂಡೆಗಳು. ಪವಿತ್ರ ಘಟನೆ ನಡೆಯುವ ಕಡೆಗೆ ಬಾಗಿ ನಿಂತಂತೆ ಕಾಣುತ್ತವೆ. ಬೆಟ್ಟವು ಒಂದು ಸ್ಥಳವಷ್ಟೇ ಅಲ್ಲ, ಘಟನೆಗೆ ಸಾಕ್ಷಿಯೂ ಹೌದು ಎಂಬ ಈ ಕಲ್ಪನೆ ಅವರ ಮುಂದಿನ ಹಿಮಾಲಯ ಚಿತ್ರಗಳಲ್ಲಿಯೂ ಉಳಿದುಕೊಂಡಿದೆ. 1900ರ ದಶಕದ ಮಧ್ಯಭಾಗದಿಂದ ಅವರು ತೈಲವರ್ಣವನ್ನು ಕ್ರಮೇಣ ಬಿಟ್ಟು ಟೆಂಪೆರಾ ಮಾಧ್ಯಮಕ್ಕೆ ಹೊರಳಿದರು. ತೈಲದ ಹೊಳಪಿಲ್ಲದ ಈ ಮಾಧ್ಯಮದಲ್ಲಿ ಬಣ್ಣಗಳು ಭಿತ್ತಿಚಿತ್ರದಂತೆ ಸಮತಲವಾಗಿ, ಒಳಗಿನಿಂದ ಬೆಳಗುವಂತೆ ತೋರುತ್ತವೆ.

1906ರಲ್ಲಿ ಅವರು ಕಲಾ ಪ್ರೋತ್ಸಾಹಕ ಸಂಘದ ಶಾಲೆಯ ನಿರ್ದೇಶಕರಾದರು. ಸೆರ್ಗೆಯ್ ದ್ಯಾಗಿಲೆವ್ ಅವರ ಬ್ಯಾಲೆ ತಂಡಕ್ಕೆ ದೃಶ್ಯಾವಳಿ ಮತ್ತು ವೇಷಭೂಷಣಗಳನ್ನು ರಚಿಸಿದ್ದರಿಂದ ಯುರೋಪಿನಲ್ಲಿಯೂ ಹೆಸರಾದರು. ಸಂಗೀತಕಾರ ಇಗೋರ್ ಸ್ಟ್ರಾವಿನ್‌ಸ್ಕಿ ಅವರೊಡನೆ ಸೇರಿ ‘ವಸಂತದ ವಿಧಿ’ ಎಂಬ ಬ್ಯಾಲೆಯ ಕಥಾವಸ್ತುವನ್ನು ರೂಪಿಸಿದವರೂ ರೋರಿಕ್ ಅವರೇ. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ನಡೆದ ಅದರ ಮೊದಲ ಪ್ರದರ್ಶನವು ಪ್ರೇಕ್ಷಕರ ಗದ್ದಲದಿಂದಾಗಿ ರಂಗಭೂಮಿಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೌದ್ಧ ದೇವಾಲಯದ ನಿರ್ಮಾಣ ನಡೆದಾಗ ಅದರ ಬಣ್ಣದ ಗಾಜಿನ ಅಲಂಕರಣದಲ್ಲಿ ಅವರು ಭಾಗವಹಿಸಿದರು.

## ದೇಶಾಂತರ

1915ರಲ್ಲಿ ರೋರಿಕ್ ಅವರಿಗೆ ತೀವ್ರ ನ್ಯುಮೋನಿಯಾ ತಗಲಿತು. ಆರೋಗ್ಯದ ಕಾರಣದಿಂದ 1916ರ ಕೊನೆಯಲ್ಲಿ ಕುಟುಂಬವು ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಫಿನ್‌ಲೆಂಡಿನ ಸೋರ್ತವಾಲಾಕ್ಕೆ ಹೋಯಿತು. ಮರುವರ್ಷ ಕ್ರಾಂತಿ ನಡೆದು ಫಿನ್‌ಲೆಂಡ್ ಸ್ವತಂತ್ರವಾದಾಗ ಅವರು ಗಡಿಯಾಚೆ ಉಳಿದರು. 1919ರಲ್ಲಿ ಲಂಡನ್ನಿಗೆ ತೆರಳಿದರು. ಅಲ್ಲಿ ಥಿಯಾಸೊಫಿಕಲ್ ಸೊಸೈಟಿಯ ಸಂಪರ್ಕ ಬೆಳೆಯಿತು, ರವೀಂದ್ರನಾಥ ಠಾಕೂರರ ಪರಿಚಯವೂ ಆಯಿತು. 1920ರಲ್ಲಿ ಅಮೆರಿಕಕ್ಕೆ ಹೋಗಿ ಹಲವು ನಗರಗಳಲ್ಲಿ ಚಿತ್ರಪ್ರದರ್ಶನಗಳನ್ನು ನಡೆಸಿದರು. 1921ರಲ್ಲಿ ನ್ಯೂಯಾರ್ಕಿನಲ್ಲಿ ಸಂಗೀತ, ಚಿತ್ರಕಲೆ, ರಂಗಕಲೆಗಳನ್ನು ಒಂದೇ ಸೂರಿನಡಿ ಕಲಿಸುವ ಸಂಸ್ಥೆಯನ್ನು ಸ್ಥಾಪಿಸಿದರು. 1923ರಲ್ಲಿ ಅವರ ಕೃತಿಗಳ ವಸ್ತುಸಂಗ್ರಹಾಲಯವೂ ಅಲ್ಲಿ ಆರಂಭವಾಯಿತು. ಈ ಅವಧಿಯಲ್ಲಿಯೇ ಹೆಲೆನಾ ರೋರಿಕ್ ‘ಅಗ್ನಿಯೋಗ’ ಎಂಬ ಆಧ್ಯಾತ್ಮಿಕ ಗ್ರಂಥಮಾಲೆಯ ರಚನೆಯಲ್ಲಿ ತೊಡಗಿದರು.

## ಭಾರತಾಗಮನ ಮತ್ತು ಮಧ್ಯ ಏಷ್ಯಾ ಯಾತ್ರೆ

1923ರ ಡಿಸೆಂಬರಿನಲ್ಲಿ ರೋರಿಕ್ ಕುಟುಂಬ ಮುಂಬಯಿಗೆ ಬಂದಿಳಿದು, ಬಳಿಕ ಡಾರ್ಜಿಲಿಂಗ್ ಮತ್ತು ಸಿಕ್ಕಿಂಗೆ ಸಾಗಿತು. 8,586 ಮೀಟರ್ ಎತ್ತರದ ಕಾಂಚನಜುಂಗಾ ಶಿಖರವು ಡಾರ್ಜಿಲಿಂಗಿನಿಂದ ನೇರವಾಗಿ ಕಾಣಿಸುತ್ತದೆ. ಈ ಹೆಸರಿಗೆ ಹಿಮದ ಐದು ಭಂಡಾರಗಳು ಎಂದು ಅರ್ಥ. ಸಿಕ್ಕಿಂ ಜನರ ನಂಬಿಕೆಯಂತೆ ಶಿಖರವು ನಾಡಿನ ರಕ್ಷಕ ದೇವತೆ. ಅದರ ಐದು ಭಂಡಾರಗಳಲ್ಲಿ ಚಿನ್ನ, ಧಾನ್ಯ, ಪವಿತ್ರ ಗ್ರಂಥ ಮೊದಲಾದ ಸಂಪತ್ತುಗಳು ಅಡಗಿವೆ. ಪರ್ವತವನ್ನು ನಿಧಿಯ ಕಾವಲುಗಾರನೆಂದು ಕಾಣುವ ಈ ನಂಬಿಕೆ ರೋರಿಕ್ ಅವರ ಕಲ್ಪನೆಯನ್ನು ಸೆಳೆಯಿತು. 1924ರಲ್ಲಿ ಅವರು ರಚಿಸಿದ ಚಿತ್ರಗಳಲ್ಲಿ ಅದರ ಪ್ರಭಾವ ಸ್ಪಷ್ಟವಾಗಿದೆ.

1925ರಲ್ಲಿ ಅವರ ಮಹಾಯಾತ್ರೆ ಆರಂಭವಾಯಿತು. ಪತ್ನಿ ಹೆಲೆನಾ ಮತ್ತು ಹಿರಿಯ ಮಗ ಜಾರ್ಜ್ ಜೊತೆಗಿದ್ದರು. ಕಾಶ್ಮೀರ ಮತ್ತು ಲಡಾಖ್‌ಗಳನ್ನು ಹಾದು, ಕಾರಕೋರಂ ಕಣಿವೆದಾರಿಯನ್ನು ದಾಟಿ ತಂಡವು ಖೋತಾನ್ ತಲುಪಿತು. ಅಲ್ಲಿ ಸ್ಥಳೀಯ ಅಧಿಕಾರಿಗಳು ಅವರನ್ನು ಕೆಲವು ತಿಂಗಳು ತಡೆದಿಟ್ಟರು. ಬಳಿಕ ಕಾಶ್ಗರ್ ಮತ್ತು ಉರುಮ್ಚಿಗಳ ಮೂಲಕ 1926ರಲ್ಲಿ ಸೋವಿಯತ್ ಗಡಿಯನ್ನು ಪ್ರವೇಶಿಸಿ, ಮಾಸ್ಕೋಗೆ ಹೋಗಿ, ಅಲ್ತಾಯ್ ಪರ್ವತ ಪ್ರದೇಶವನ್ನು ಕಂಡು, ಮಂಗೋಲಿಯಾ ತಲುಪಿದರು. 1927ರಲ್ಲಿ ಗೋಬಿ ಮರುಭೂಮಿಯನ್ನು ದಾಟಿ ಟಿಬೆಟಿನ ಕಡೆಗೆ ಹೊರಟರು.

1927ರ ಅಕ್ಟೋಬರಿನಲ್ಲಿ ಟಿಬೆಟಿನ ಚಾಂಗ್‌ತಾಂಗ್ ಪ್ರಸ್ಥಭೂಮಿಯಲ್ಲಿ ತಂಡವನ್ನು ತಡೆಯಲಾಯಿತು. ಲ್ಹಾಸಾಕ್ಕೆ ಹೋಗಲು ಅನುಮತಿ ದೊರೆಯಲಿಲ್ಲ. ಹಿಂದಕ್ಕೆ ಮರಳಲೂ ಬಿಡಲಿಲ್ಲ. ಮಾಸ್ಕೋದಿಂದ ಬಂದ ಈ ರಷ್ಯನ್ನರನ್ನು ಬ್ರಿಟಿಷ್ ಅಧಿಕಾರಿಗಳು ಸಂಶಯದಿಂದ ನೋಡುತ್ತಿದ್ದುದು ಇದಕ್ಕೆ ಮುಖ್ಯ ಕಾರಣವಾಗಿತ್ತು. ಸುಮಾರು 4,500 ಮೀಟರ್ ಎತ್ತರದ ಬಯಲಿನಲ್ಲಿ, ಬೇಸಿಗೆಯ ಡೇರೆಗಳಲ್ಲಿ, ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಚಳಿಯಲ್ಲಿ ಅವರು ಐದು ತಿಂಗಳು ಕಳೆಯಬೇಕಾಯಿತು. ಆಹಾರ ಮತ್ತು ಔಷಧಗಳು ಮುಗಿಯುತ್ತ ಬಂದವು. ತಂಡದ ಐವರು ಅಲ್ಲಿಯೇ ಮೃತಪಟ್ಟರು. ಸುಮಾರು ನೂರರಷ್ಟಿದ್ದ ಸವಾರಿ ಮತ್ತು ಹೇರಿನ ಪ್ರಾಣಿಗಳಲ್ಲಿ ಬಹುಪಾಲು ಸತ್ತುಹೋದವು. 1928ರ ಮಾರ್ಚಿನಲ್ಲಿ ಮುಂದುವರಿಯಲು ಅನುಮತಿ ಸಿಕ್ಕಿ, ಮೇ ತಿಂಗಳಲ್ಲಿ ಅವರು ಡಾರ್ಜಿಲಿಂಗ್ ತಲುಪಿದರು.

ಈ ಯಾತ್ರೆಯ ಅವಧಿಯಲ್ಲಿ ರೋರಿಕ್ ಸುಮಾರು 500 ಚಿತ್ರಗಳನ್ನು ರಚಿಸಿದರು. ಅವರ ಪರ್ವತಚಿತ್ರಗಳನ್ನು ನೋಡುವಾಗ ಚಾಂಗ್‌ತಾಂಗಿನ ಅನುಭವವನ್ನು ಮರೆಯುವಂತಿಲ್ಲ. ದೂರದಿಂದ ಬೆಟ್ಟವನ್ನು ನೋಡಿ ಅದಕ್ಕೆ ಪಾವಿತ್ರ್ಯವನ್ನು ಆರೋಪಿಸಿದ ಕಲಾವಿದರು ಅನೇಕರಿದ್ದಾರೆ. ರೋರಿಕ್ ಆ ಬೆಟ್ಟಗಳ ನಡುವೆ ಸಹಚರರನ್ನು ಕಳೆದುಕೊಂಡ ನಂತರವೂ ಅದನ್ನು ಶಾಂತಿಯ ನೆಲೆಯೆಂದೇ ಚಿತ್ರಿಸಿದರು.

## ಚಿತ್ರಗಳಲ್ಲಿ ಪರ್ವತದ ಸಂಕೇತ

ಪರ್ವತವನ್ನು ದೈವದ ನೆಲೆಯೆಂದು ಭಾವಿಸುವುದು ಏಷ್ಯಾದ ಹಲವು ಪರಂಪರೆಗಳಿಗೆ ಸಾಮಾನ್ಯ. ಹಿಂದೂ, ಬೌದ್ಧ ಮತ್ತು ಜೈನ ವಿಶ್ವಕಲ್ಪನೆಗಳಲ್ಲಿ ಮೇರು ಪರ್ವತವು ಜಗತ್ತಿನ ಮಧ್ಯದಲ್ಲಿದೆ. ಕೈಲಾಸ ಶಿವನ ವಾಸಸ್ಥಾನ. ಟಿಬೆಟಿನ ಕಾಲಚಕ್ರ ಪರಂಪರೆಯಲ್ಲಿ ಹಿಮಪರ್ವತಗಳಿಂದ ಸುತ್ತುವರಿದ ಶಂಭಲ ಎಂಬ ರಾಜ್ಯದ ವರ್ಣನೆಯಿದೆ. ಪುರಾಣಗಳಲ್ಲಿ ಕಲ್ಕಿಯ ಜನ್ಮಸ್ಥಳದ ಹೆಸರೂ ಶಂಭಲವೇ. ಅಲ್ತಾಯ್ ಪ್ರದೇಶದ ರಷ್ಯನ್ ರೈತರಲ್ಲಿ ಬೆಲೋವೋದ್ಯೆ ಎಂಬ ಪುಣ್ಯಭೂಮಿಯ ಐತಿಹ್ಯವಿತ್ತು. ಈ ಎಲ್ಲ ಕಥನಗಳು ಒಂದೇ ಸತ್ಯವನ್ನು ಬೇರೆ ಬೇರೆ ಹೆಸರುಗಳಲ್ಲಿ ಹೇಳುತ್ತವೆ ಎಂಬುದು ರೋರಿಕ್ ಅವರ ನಿಲುವು. ಅವರ ಚಿತ್ರಗಳಲ್ಲಿ ಪರ್ವತವು ಮುಖ್ಯವಾಗಿ ನಾಲ್ಕು ಅರ್ಥಗಳಲ್ಲಿ ಬರುತ್ತದೆ.

ಮೊದಲನೆಯದು ನಿಧಿಯ ನೆಲೆ. ‘ಲೋಕದ ನಿಧಿ’ (1924) ಎಂಬ ಚಿತ್ರದಲ್ಲಿ ಬೆಳಗುವ ಚಿಂತಾಮಣಿಯನ್ನು ಹೊತ್ತ ಕುದುರೆಯೊಂದು ಬಂಡೆಗಳ ನಡುವೆ ಇಳಿದುಬರುತ್ತದೆ. ‘ಕತ್ತಲೆಯ ದಹನ’ (1924) ಚಿತ್ರದಲ್ಲಿ ಇರುಳಿನ ಹಿಮಪರ್ವತದಿಂದ ಹೊರಬರುವ ಮಹಾತ್ಮರ ಸಾಲಿನ ಮುಂದೆ ಹೊಳೆಯುವ ಪೆಟ್ಟಿಗೆಯಿದೆ. ಎರಡರಲ್ಲಿಯೂ ಬೆಳಕು ಆಕಾಶದಿಂದ ಬರುವುದಿಲ್ಲ, ಬೆಟ್ಟದ ಒಡಲಿನಿಂದ ಬರುತ್ತದೆ.

ಎರಡನೆಯದು ಗುರುವಿನ ಸನ್ನಿಧಿ. ‘ಶೋಧನೆಯ ಮುತ್ತು’ (1924) ಚಿತ್ರದಲ್ಲಿ ಗುರು ಮತ್ತು ಶಿಷ್ಯ ಬಂಡೆಯ ಮೇಲೆ ಕುಳಿತು ಮುತ್ತಿನ ಸರವೊಂದನ್ನು ಪರೀಕ್ಷಿಸುತ್ತಿದ್ದಾರೆ. ಅವರ ಹಿಂದೆ, ಮೋಡಗಳ ಮೇಲೆ, ಶಿಖರಗಳು ಎದ್ದಿವೆ. ಮನುಷ್ಯರು ಹುಡುಕುತ್ತಿರುವುದು ಕೈಯಲ್ಲಿರುವ ಸಣ್ಣ ವಸ್ತುವಿನಲ್ಲಿ; ಅವರ ಬೆನ್ನ ಹಿಂದೆ ಅದಕ್ಕಿಂತ ಮಹತ್ತಾದುದು ನಿಂತಿದೆ. ನೋಡುಗನಿಗೆ ಎರಡೂ ಒಟ್ಟಿಗೆ ಕಾಣುತ್ತವೆ.

ಮೂರನೆಯದು ಆಲಿಸುವಿಕೆ ಮತ್ತು ಮೌನ. ಟಿಬೆಟಿನ ಯೋಗಿ ಮಿಲರೇಪನನ್ನು ಕುರಿತ 1925ರ ಚಿತ್ರದಲ್ಲಿಯೂ ‘ಶಂಭಲದ ಗೀತೆ’ (1943) ಚಿತ್ರದಲ್ಲಿಯೂ ಏಕಾಕಿ ವ್ಯಕ್ತಿಯೊಬ್ಬ ಬೆಟ್ಟಗಳ ಎದುರು ಕುಳಿತಿದ್ದಾನೆ. ಈ ವ್ಯಕ್ತಿಗಳು ಗಾತ್ರದಲ್ಲಿ ಬಹಳ ಚಿಕ್ಕವರು. ಆದರೂ ಪರ್ವತವು ಅವರನ್ನು ಹೆದರಿಸುವುದಿಲ್ಲ. ಐರೋಪ್ಯ ರಮ್ಯ ಸಂಪ್ರದಾಯದ ಅನೇಕ ಚಿತ್ರಗಳಲ್ಲಿ ಮನುಷ್ಯನು ಪ್ರಕೃತಿಯ ಎದುರು ಬೆರಗು ಅಥವಾ ಭಯದಿಂದ ನಿಂತಿರುತ್ತಾನೆ. ರೋರಿಕ್ ಅವರ ಯೋಗಿ ಅದರೊಡನೆ ಸಂವಾದದಲ್ಲಿರುತ್ತಾನೆ.

ನಾಲ್ಕನೆಯದು ದಾರಿ. ‘ಶಂಭಲದ ಹಾದಿ’ (1933) ಮೊದಲಾದ ಚಿತ್ರಗಳಲ್ಲಿ ಶಿಖರಕ್ಕಿಂತ ಅದರ ಕಡೆಗಿನ ಪಯಣವೇ ಮುಖ್ಯ. ರೋರಿಕ್ ಪರ್ವತಾರೋಹಿಗಳನ್ನು ವಿಜಯಿಗಳಂತೆ ಚಿತ್ರಿಸಲಿಲ್ಲ. ಅವರ ಶಿಖರಗಳು ಬಹುಮಟ್ಟಿಗೆ ಯಾರೂ ತುಳಿಯದ ಶಿಖರಗಳು. 1920 ಮತ್ತು 1930ರ ದಶಕಗಳಲ್ಲಿ ಎವರೆಸ್ಟನ್ನು ಏರುವ ಪ್ರಯತ್ನಗಳು ನಡೆಯುತ್ತಿದ್ದ ಕಾಲದಲ್ಲಿ ಅವರು ಈ ನಿಲುವನ್ನು ತಾಳಿದ್ದು ಗಮನಾರ್ಹ.

ತಾಂತ್ರಿಕವಾಗಿ ಈ ಚಿತ್ರಗಳ ರಚನೆ ಸರಳ. ಕೆಳಭಾಗದಲ್ಲಿ ಕಡುನೀಲಿ ಅಥವಾ ಕಂದು ಬಣ್ಣದ ನೆರಳಿನ ನೆಲ, ಮಧ್ಯದಲ್ಲಿ ಮಂಜಿನ ಪಟ್ಟಿ, ಮೇಲೆ ಬಿಸಿಲು ತಾಗಿದ ಹಿಮ ಎಂಬ ಮೂರು ಅಡ್ಡಪದರಗಳು ಅನೇಕ ಚಿತ್ರಗಳಲ್ಲಿ ಕಾಣುತ್ತವೆ. ಮಂಜು ನೆಲವನ್ನೂ ಶಿಖರವನ್ನೂ ಬೇರ್ಪಡಿಸುವುದರಿಂದ ಶಿಖರವು ಆಧಾರವಿಲ್ಲದೆ ತೇಲುತ್ತಿರುವಂತೆ ತೋರುತ್ತದೆ. ಎತ್ತರದ ತೆಳುಗಾಳಿಯಲ್ಲಿ ದೂರದ ವಸ್ತುಗಳೂ ಸ್ಪಷ್ಟವಾಗಿ ಕಾಣುವುದರಿಂದ ಅವರ ಶಿಖರಗಳ ಅಂಚುಗಳು ತೀಕ್ಷ್ಣವಾಗಿವೆ. ಅತಿರಂಜಿತವೆಂದು ತೋರುವ ನೇರಳೆ, ಗುಲಾಬಿ ಮತ್ತು ನೀಲಿಗಳು ಹಿಮಾಲಯದ ಮುಂಜಾನೆ ಹಾಗೂ ಸಂಜೆಗಳಲ್ಲಿ ನಿಜವಾಗಿಯೂ ಕಾಣುವ ಬಣ್ಣಗಳೇ. ಅವರ ಹಿಮಾಲಯ ಚಿತ್ರಗಳಲ್ಲಿ ಹಲವು ಸುಮಾರು 30×46 ಸೆಂಟಿಮೀಟರ್ ಅಳತೆಯ ಸಣ್ಣ ಫಲಕಗಳು. ಮುದ್ರಿತ ಪ್ರತಿಗಳಲ್ಲಿ ಮಾತ್ರ ಅವುಗಳನ್ನು ಕಂಡವರು ಮೂಲಚಿತ್ರದ ಗಾತ್ರವನ್ನು ನೋಡಿ ಅಚ್ಚರಿಪಡುವುದುಂಟು.

## ಕುಲು ಕಣಿವೆಯಲ್ಲಿ

1928ರಲ್ಲಿ ರೋರಿಕ್ ‘ಉರುಸ್ವತಿ’ ಹಿಮಾಲಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿ, ಕುಟುಂಬದೊಡನೆ ಕುಲು ಕಣಿವೆಯ ನಗ್ಗರ್ ಗ್ರಾಮದಲ್ಲಿ ನೆಲೆಸಿದರು. ಅಲ್ಲಿ ಸಸ್ಯಶಾಸ್ತ್ರ, ಟಿಬೆಟಿನ ಔಷಧಪದ್ಧತಿ, ಭಾಷಾಶಾಸ್ತ್ರ ಮತ್ತು ಪುರಾತತ್ತ್ವಗಳ ಅಧ್ಯಯನ ನಡೆಯಿತು. ಜಾರ್ಜ್ ರೋರಿಕ್ ಅದರ ನಿರ್ದೇಶಕರಾಗಿದ್ದರು. ಬಿಯಾಸ್ ನದಿಯ ಕಣಿವೆ, ಅದರಾಚೆಯ ಹಿಮಶ್ರೇಣಿ ಮತ್ತು ಊರೂರಿನ ಗ್ರಾಮದೇವತೆಗಳು ಅವರ ಚಿತ್ರಗಳಿಗೆ ವಸ್ತುವಾದವು. ಕುದುರೆಯೇರಿದ ಸ್ಥಳೀಯ ದೈವ ಗುಗಾ ಚೌಹಾಣನ ವಿಗ್ರಹವನ್ನೂ, ಹೂಬಿಟ್ಟ ಮರದ ಕೆಳಗೆ ಕೊಳಲೂದುವ ಕೃಷ್ಣನನ್ನೂ ಅವರು ಹಿಮಪರ್ವತಗಳ ಹಿನ್ನೆಲೆಯಲ್ಲಿ ಚಿತ್ರಿಸಿದ್ದಾರೆ. 1942ರಲ್ಲಿ ಜವಾಹರಲಾಲ್ ನೆಹರು ಮತ್ತು ಇಂದಿರಾ ಗಾಂಧಿ ನಗ್ಗರ್‌ಗೆ ಬಂದು ರೋರಿಕ್ ಕುಟುಂಬದ ಅತಿಥಿಗಳಾಗಿದ್ದರು.

## ರೋರಿಕ್ ಒಪ್ಪಂದ

ಆಸ್ಪತ್ರೆಗಳಿಗೆ ರೆಡ್‌ಕ್ರಾಸ್ ಚಿಹ್ನೆ ರಕ್ಷಣೆ ನೀಡುವಂತೆ ವಸ್ತುಸಂಗ್ರಹಾಲಯ, ದೇವಾಲಯ, ವಿಶ್ವವಿದ್ಯಾಲಯ ಮತ್ತು ಗ್ರಂಥಾಲಯಗಳಿಗೂ ಯುದ್ಧಕಾಲದಲ್ಲಿ ರಕ್ಷಣೆ ದೊರೆಯಬೇಕೆಂಬುದು ರೋರಿಕ್ ಅವರ ಆಶಯ. ಬಿಳಿಯ ನೆಲದಲ್ಲಿ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬಿಂದುಗಳಿರುವ ಶಾಂತಿಧ್ವಜವನ್ನು ಅವರು ಇದಕ್ಕಾಗಿ ರೂಪಿಸಿದರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಮ್ಮುಖದಲ್ಲಿ, ಅಮೆರಿಕ ಖಂಡಗಳ 21 ರಾಷ್ಟ್ರಗಳು ಈ ಒಪ್ಪಂದಕ್ಕೆ ಸಹಿ ಹಾಕಿದವು. 1954ರ ಹೇಗ್ ಒಡಂಬಡಿಕೆಗೆ ಇದು ಪೂರ್ವಸೂಚಿಯೆಂದು ಪರಿಗಣಿತವಾಗಿದೆ.

## ವಿವಾದಗಳು ಮತ್ತು ವಿಮರ್ಶೆ

ಒಪ್ಪಂದಕ್ಕೆ ಸಹಿ ಬಿದ್ದ ವರ್ಷವೇ ರೋರಿಕ್ ಅಮೆರಿಕದ ಬೆಂಬಲವನ್ನು ಕಳೆದುಕೊಂಡರು. 1934–35ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪರವಾಗಿ ಬರಸಹಿಷ್ಣು ಹುಲ್ಲುಗಳನ್ನು ಸಂಗ್ರಹಿಸಲು ಅವರು ಮಂಚೂರಿಯಾ ಮತ್ತು ಮಂಗೋಲಿಯಾ ಪ್ರದೇಶಕ್ಕೆ ಹೋಗಿದ್ದರು. ಅಲ್ಲಿ ಅವರ ಚಟುವಟಿಕೆಗಳು ರಾಜಕೀಯ ಸ್ವರೂಪದವು ಎಂಬ ಆರೋಪ ಬಂದಾಗ, ಅವರ ಅಭಿಮಾನಿಯಾಗಿದ್ದ ಕೃಷಿ ಕಾರ್ಯದರ್ಶಿ ಹೆನ್ರಿ ವ್ಯಾಲೆಸ್ ಸಂಬಂಧವನ್ನು ಕಡಿದುಕೊಂಡರು. ವ್ಯಾಲೆಸ್ ಬರೆದಿದ್ದರೆನ್ನಲಾದ ಪತ್ರಗಳು 1948ರ ಅಧ್ಯಕ್ಷೀಯ ಚುನಾವಣೆಯ ವೇಳೆ ಅವರಿಗೇ ಮುಳುವಾದವು. ನ್ಯೂಯಾರ್ಕ್ ಸಂಸ್ಥೆಯ ಪ್ರಮುಖ ಪೋಷಕರೂ ದೂರವಾಗಿ, ಮೊಕದ್ದಮೆಯಲ್ಲಿ ಸೋತು, ವಸ್ತುಸಂಗ್ರಹಾಲಯವೂ ಅಲ್ಲಿದ್ದ ಸುಮಾರು ಸಾವಿರ ಚಿತ್ರಗಳೂ ರೋರಿಕ್ ಅವರ ಕೈತಪ್ಪಿದವು. ಅವರು ಮತ್ತೆ ಅಮೆರಿಕಕ್ಕೆ ಹೋಗಲಿಲ್ಲ.

ರೋರಿಕ್ ಅವರ ಯಾತ್ರೆಗಳ ಉದ್ದೇಶ ಕಲೆ ಮತ್ತು ಸಂಶೋಧನೆಯಷ್ಟೇ ಆಗಿತ್ತೇ, ರಾಜಕೀಯವೂ ಆಗಿತ್ತೇ ಎಂಬುದನ್ನು ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವರ ಚಿತ್ರಗಳ ಬಗೆಗೂ ಎರಡು ಅಭಿಪ್ರಾಯಗಳಿವೆ. ಒಂದೇ ಬಗೆಯ ರಚನೆ ನೂರಾರು ಚಿತ್ರಗಳಲ್ಲಿ ಮರುಕಳಿಸುತ್ತದೆ, ಕೆಲವೆಡೆ ಅಲಂಕಾರವೇ ಅರ್ಥವನ್ನು ಮೀರುತ್ತದೆ ಎಂಬುದು ಒಂದು ಆಕ್ಷೇಪ. ಪ್ರಾರ್ಥನೆಯಂತೆ ಪುನರಾವರ್ತನೆಯೂ ಅವರ ಸಾಧನೆಯ ಭಾಗ, ಒಂದೇ ಶಿಖರದ ಬೇರೆ ಬೇರೆ ಗಳಿಗೆಗಳನ್ನು ಅವರು ಹಿಡಿದಿದ್ದಾರೆ ಎಂಬುದು ಮತ್ತೊಂದು ಪಕ್ಷ.

## ಕೊನೆಯ ದಿನಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೋರಿಕ್ ಪ್ರದರ್ಶನಗಳಿಂದಲೂ ಚಿತ್ರಮಾರಾಟದಿಂದಲೂ ಬಂದ ಹಣವನ್ನು ಸೋವಿಯತ್ ಯುದ್ಧಸಂತ್ರಸ್ತರ ನೆರವಿಗೆ ನೀಡಿದರು. ಪ್ರಾಚೀನ ರಷ್ಯಾದ ವೀರರು ಅವರ ಚಿತ್ರಗಳಿಗೆ ಮರಳಿ ಬಂದರು. ಯುದ್ಧಾನಂತರ ತಾಯ್ನಾಡಿಗೆ ಹಿಂದಿರುಗುವ ಬಯಕೆ ಬಲವಾಗಿದ್ದರೂ ಅದು ಈಡೇರಲಿಲ್ಲ. 1947ರ ಡಿಸೆಂಬರ್ 13ರಂದು ನಗ್ಗರ್‌ನಲ್ಲಿ ಅವರು ನಿಧನರಾದರು. ಅಂತ್ಯಸಂಸ್ಕಾರ ನಡೆದ ಸ್ಥಳದಲ್ಲಿ, ಹಿಮಶಿಖರಗಳಿಗೆ ಎದುರಾಗಿ, ಅವರನ್ನು ಭಾರತದ ಮಿತ್ರರೆಂದು ಸ್ಮರಿಸುವ ಶಿಲೆಯೊಂದನ್ನು ನಿಲ್ಲಿಸಲಾಗಿದೆ. ಕೊನೆಯ ದಿನಗಳಲ್ಲಿ ಅವರು ರಚಿಸುತ್ತಿದ್ದ ‘ಗುರುವಿನ ಆಜ್ಞೆ’ ಚಿತ್ರದಲ್ಲಿ ಕಣಿವೆಯ ಮೇಲೆ ಬಿಳಿಯ ಹಕ್ಕಿಯೊಂದು ಧ್ಯಾನಸ್ಥ ಯೋಗಿಯ ಕಡೆಗೆ ಹಾರಿ ಬರುತ್ತಿದೆ.

## ಕರ್ನಾಟಕದ ನಂಟು

ಕಿರಿಯ ಮಗ ಸ್ವೆತೋಸ್ಲಾವ್ ರೋರಿಕ್ ಅವರೂ ಖ್ಯಾತ ಚಿತ್ರಕಾರರು. 1945ರಲ್ಲಿ ಅವರು ಹಿಂದಿ ಚಿತ್ರರಂಗದ ಪ್ರಸಿದ್ಧ ನಟಿ ದೇವಿಕಾ ರಾಣಿ ಅವರನ್ನು ವಿವಾಹವಾಗಿ, ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. ಸುಗಂಧತೈಲ ನೀಡುವ ಲಿನಾಲೋ ಮರಗಳನ್ನು ಅಲ್ಲಿ ಬೆಳೆಸಲಾಗಿತ್ತು. ಸ್ವೆತೋಸ್ಲಾವ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಎಸ್ಟೇಟಿನ ಒಡೆತನದ ಕುರಿತ ದೀರ್ಘ ವ್ಯಾಜ್ಯವು 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನೊಂದಿಗೆ ರಾಜ್ಯ ಸರ್ಕಾರದ ಪರವಾಗಿ ಇತ್ಯರ್ಥವಾಯಿತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯದಲ್ಲಿ ತಂದೆ ಮತ್ತು ಮಗ ಇಬ್ಬರ ಚಿತ್ರಗಳೂ ಇವೆ.

## ಪರಂಪರೆ

1979ರಲ್ಲಿ ಭಾರತ ಸರ್ಕಾರವು ರೋರಿಕ್ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಘೋಷಿಸಿತು. ಈ ಮನ್ನಣೆ ಪಡೆದ ಒಂಬತ್ತು ಕಲಾವಿದರಲ್ಲಿ ರಾಜಾ ರವಿವರ್ಮ, ರವೀಂದ್ರನಾಥ ಠಾಕೂರ್, ನಂದಲಾಲ್ ಬೋಸ್ ಮತ್ತು ಅಮೃತಾ ಶೇರ್‌ಗಿಲ್ ಸೇರಿದ್ದಾರೆ. ಇಂತಹ ಕೃತಿಗಳನ್ನು ದೇಶದಿಂದ ಹೊರಗೆ ರಫ್ತು ಮಾಡುವಂತಿಲ್ಲ. ನಗ್ಗರ್‌ನ ಅವರ ಮನೆ ಇಂದು ಸ್ಮಾರಕವಾಗಿದ್ದು, ನ್ಯೂಯಾರ್ಕ್, ಮಾಸ್ಕೋ ಮತ್ತು ಇಜ್ವಾರಾಗಳಲ್ಲಿಯೂ ಅವರ ವಸ್ತುಸಂಗ್ರಹಾಲಯಗಳಿವೆ. ಅಮೆರಿಕದ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಅಂಟಾರ್ಕ್ಟಿಕದ ಹಿನ್ನೆಲೆಯ ತಮ್ಮ ಭಯಾನಕ ಕಾದಂಬರಿಯಲ್ಲಿ ರೋರಿಕ್ ಅವರ ಪರ್ವತಚಿತ್ರಗಳನ್ನು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ರೋರಿಕ್ ಶಾಂತಿಯನ್ನು ಕಂಡ ಅದೇ ಶಿಖರಗಳಲ್ಲಿ ಲವ್‌ಕ್ರಾಫ್ಟ್ ಭೀತಿಯನ್ನು ಕಂಡರು.

## ಆಯ್ದ ಚಿತ್ರಗಳು

- ದೂತ (1897)
- ಸಾಗರದಾಚೆಯ ಅತಿಥಿಗಳು (1901)
- ಲೋಕದ ನಿಧಿ (1924)
- ಕತ್ತಲೆಯ ದಹನ (1924)
- ಶೋಧನೆಯ ಮುತ್ತು (1924)
- ಆಲಿಸಿದ ಮಿಲರೇಪ (1925)
- ಶಂಭಲದ ಹಾದಿ (1933)
- ಶಂಭಲದ ಗೀತೆ (1943)
- ಗುರುವಿನ ಆಜ್ಞೆ (1947)